ವಾಯಿದೆಯ ಜೂಜೂ ಸರಕಾರದ ಕರ್ತವ್ಯವೂ

ಹತ್ತಿಯ ಸುಗ್ಗಿಯಲ್ಲಿ ಬೈಲಹೊಂಗಲದ ಪೇಟೆಗೆ ಬರುವ ರೈತನು ತನ್ನ ಮಾಲನ್ನು ಅಂಗಳದಲ್ಲಿ ಇಳಿಸುತ್ತಾನೆ. ಖರೀದಿದಾರರು ಅದನ್ನು ಕೈಯಲ್ಲಿ ಹಿಡಿದು ನೋಡಿ ದರ ನಮೂದಿಸುತ್ತಾರೆ. ಎಲ್ಲಕ್ಕೂ ಮೇಲಾದ ದರ ಬಹಿರಂಗವಾಗುತ್ತದೆ. ಲೈಸೆನ್ಸು ಪಡೆದವನು ತೂಕ ಮಾಡುತ್ತಾನೆ. ಪಟ್ಟಿಯಲ್ಲಿ ಯಾವ ಕಡಿತ ಸಲ್ಲುವದು, ಯಾವದು ಸಲ್ಲದೆಂಬದು ಕಾಯಿದೆಯಿಂದ ಗೊತ್ತಾಗಿರುತ್ತದೆ. ಒಂದು ಶತಮಾನದ ಹಿಂದೆ ಹೀಗಿರಲಿಲ್ಲ. ಅಂದಿನ ಮುಂಬಯಿ ಇಲಾಖೆಯ ಪೇಟೆಗಳಲ್ಲಿ ದಲಾಲರು ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ದರ ಗೊತ್ತುಪಡಿಸುವ ರೂಢಿಯಿತ್ತು. ಮಾಲಿನ ಒಡೆಯನಾದ ರೈತನಿಗೆ ಆ ಮರೆಯೊಳಗೆ ಏನು ನಡೆಯಿತೆಂಬದು ತಿಳಿಯುತ್ತಿರಲಿಲ್ಲ. 1927ರ ಹತ್ತಿ ಪೇಟೆಗಳ ಕಾಯಿದೆಯೂ 1939ರ ಕೃಷಿ ಉತ್ಪನ್ನ ಪೇಟೆಗಳ ಕಾಯಿದೆಯೂ ಬಂದು ಆ ವಸ್ತ್ರವನ್ನು ಕಿತ್ತೊಗೆದವು. ವ್ಯಾಪಾರದ ಸ್ವಾತಂತ್ರ್ಯಕ್ಕೆ ಅದರಿಂದ ಭಂಗ ಬಂದಿತೆಂದು ಇಂದು ಯಾರೂ ಹೇಳಲಾರರು. ಬಲ್ಲವನಿಗೂ ಅರಿಯದವನಿಗೂ ವ್ಯವಹಾರ ನಡೆಯುವಲ್ಲಿ ಕಾಯಿದೆಯು ಅರಿಯದವನ ಪಕ್ಕದಲ್ಲಿ ನಿಲ್ಲಬೇಕೆಂಬ ತತ್ವವು ನಮ್ಮ ಸೀಮೆಗೆ ಹೊಸದಲ್ಲ.

ಈ ಮಾತನ್ನು ಇಂದು ಎತ್ತಲು ಕಾರಣವಿದೆ. ಅದೇ ಪೇಟೆಯ ಹೊರಗೆ, ಚಹದ ಅಂಗಡಿಯ ಬಾಕಿನ ಮೇಲೆ, ಕಿತ್ತೂರಿನ ಬಸ್ಸು ನಿಲ್ದಾಣದಲ್ಲಿ, ಸವದತ್ತಿಯ ಕಚೇರಿಯ ಮೊಗಸಾಲೆಯಲ್ಲಿ, ರಾಮದುರ್ಗದ ನೇಕಾರರ ಓಣಿಯಲ್ಲಿ ಇನ್ನೊಂದು ಪೇಟೆ ತೆರೆದಿದೆ. ಅಲ್ಲಿ ಮಾಲಿಲ್ಲ, ತಕ್ಕಡಿಯಿಲ್ಲ, ಎದುರಿಗೆ ಕುಳಿತ ವ್ಯಾಪಾರಸ್ಥನ ಮುಖವೂ ಕಾಣುವದಿಲ್ಲ. ಅಂಗೈಯ ಮೇಲಿನ ಮೊಬೈಲಿನಲ್ಲಿ ಬೆರಳು ಒತ್ತಿದರೆ ಮುಂಬಯಿಯ ಶೇರು ಪೇಟೆಯ ಸೂಚ್ಯಂಕವು ಮುಂದಿನ ಮಂಗಳವಾರದೊಳಗೆ ಏರುವದೋ ಇಳಿಯುವದೋ ಎಂಬದರ ಮೇಲೆ ಹಣ ಕಟ್ಟಬಹುದು. ಇದಕ್ಕೆ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಎಂಬ ದೊಡ್ಡ ಹೆಸರುಗಳಿವೆ. ನಮ್ಮ ಹಿರಿಯರು ಇವನ್ನೇ ವಾಯಿದೆ ಎಂದೂ ತೇಜಿ-ಮಂದಿ ಎಂದೂ ಕರೆಯುತ್ತಿದ್ದರು. ಸಣ್ಣ ಸಂಬಳದವರೂ ಸಣ್ಣ ವ್ಯಾಪಾರಸ್ಥರೂ ಈ ಪೇಟೆಯೊಳಗೆ ಹೋಗುವದಕ್ಕೆ ಸರಕಾರವೂ ಸೆಬಿಯೂ ಮಿತಿ ಹಾಕಬೇಕೆ, ಬೇಡವೆ ಎಂಬ ಪ್ರಶ್ನೆ ದೇಶದ ಮುಂದಿದೆ. ಮಿತಿ ಅವಶ್ಯವಾಗಿ ಬೇಕೆಂದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಓದುಗರ ಮುಂದಿಡುತ್ತೇವೆ.

ಮೊದಲು ಅಂಕಿಗಳನ್ನೇ ನೋಡೋಣ. 2024ರ ಸಪ್ಟೆಂಬರದಲ್ಲಿ ಸೆಬಿಯು ಪ್ರಕಟಿಸಿದ ಪರಿಶೀಲನೆಯ ಪ್ರಕಾರ, 2021-22ರಿಂದ 2023-24ರ ವರೆಗಿನ ಮೂರು ವರುಷಗಳಲ್ಲಿ ಈ ವ್ಯವಹಾರಕ್ಕೆ ಇಳಿದ ಒಂದು ಕೋಟಿಗೂ ಮಿಕ್ಕಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಜನ ಹಣ ಕಳೆದುಕೊಂಡರು. ತಲೆಗೆ ಸರಾಸರಿ ಎರಡು ಲಕ್ಷ ರೂಪಾಯಿ, ಒಟ್ಟು 1.8 ಲಕ್ಷ ಕೋಟಿ ರೂಪಾಯಿಗಳಿಗೂ ಮೇಲು. 2024-25ರಲ್ಲಿಯೂ ನೂರಕ್ಕೆ 91 ಜನ ಸೋತರು. ಆ ಒಂದೇ ವರುಷದ ನಷ್ಟ 1,05,603 ಕೋಟಿ ರೂಪಾಯಿ. ನಮ್ಮ ಕರ್ನಾಟಕ ರಾಜ್ಯದ 2025-26ರ ಅಂದಾಜು ಪತ್ರಿಕೆಯ ಗಾತ್ರ 4,09,549 ಕೋಟಿ. ಅಂದರೆ ಒಂದು ಇಡೀ ರಾಜ್ಯದ ಶಾಲೆ, ಆಸ್ಪತ್ರೆ, ನೀರಾವರಿ, ಪಗಾರ, ಸಾಲ ಇವೆಲ್ಲವುಗಳ ವಾರ್ಷಿಕ ವೆಚ್ಚದ ಕಾಲು ಭಾಗಕ್ಕೂ ಮಿಗಿಲಾದ ಹಣವನ್ನು ದೇಶದ ಸಾಮಾನ್ಯ ಜನರು ಹನ್ನೆರಡು ತಿಂಗಳೊಳಗೆ ಈ ಪೇಟೆಯಲ್ಲಿ ಸುರಿದು ಬರಿಗೈಯಿಂದ ಎದ್ದರು.

ಇದು ಮುಂಬಯಿ-ಬೆಂಗಳೂರುಗಳ ಧನಿಕರ ಹವ್ಯಾಸ, ನಮ್ಮ ತಾಲೂಕುಗಳಿಗೆ ಇದರ ಗಾಳಿ ತಗುಲಿಲ್ಲ ಎಂದು ಸಮಾಧಾನಪಡುವವರು ಅದೇ ಪರಿಶೀಲನೆಯ ಬೇರೆ ಅಂಕಿಗಳನ್ನು ನೋಡಬೇಕು. ಈ ವ್ಯವಹಾರ ಮಾಡುವವರಲ್ಲಿ ನೂರಕ್ಕೆ 72ಕ್ಕಿಂತ ಹೆಚ್ಚು ಜನ ದೇಶದ ಮೂವತ್ತು ದೊಡ್ಡ ನಗರಗಳ ಹೊರಗಿನವರು. ನೂರಕ್ಕೆ 75ಕ್ಕಿಂತ ಹೆಚ್ಚು ಜನರ ವಾರ್ಷಿಕ ವರಮಾನ ಅವರೇ ಹೇಳಿಕೊಂಡಂತೆ ಐದು ಲಕ್ಷ ರೂಪಾಯಿಗಿಂತ ಕಡಿಮೆ. ಮೂವತ್ತು ವರುಷದೊಳಗಿನ ತರುಣರ ಪಾಲು ಒಂದೇ ವರುಷದಲ್ಲಿ ನೂರಕ್ಕೆ 31ರಿಂದ 43ಕ್ಕೆ ಏರಿತು. ಹೀಗಿರುವಾಗ ಈ ಪೇಟೆಯ ಗಿರಾಕಿ ಯಾರು? ಅವನು ಶೆಟ್ಟಿ-ಸಾಹುಕಾರನಲ್ಲ. ಸಣ್ಣ ಊರಿನ ಕಾರಕೂನ, ಕಿರಾಣಿ ಅಂಗಡಿಯ ಮಗ, ಪದವಿ ಪಡೆದು ನೌಕರಿ ಸಿಗದ ಹುಡುಗ, ಕಬ್ಬಿನ ಬಿಲ್ಲು ಕೈಗೆ ಬಂದ ರೈತನ ತಮ್ಮ. ಸೋತವರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ಸೋತ ಬಳಿಕವೂ ಆಟ ಬಿಡಲಿಲ್ಲವೆಂಬದು ಎಲ್ಲಕ್ಕೂ ದುಃಖದ ಸಂಗತಿ. ಕಳೆದುದನ್ನು ಕಳೆದಲ್ಲಿಯೇ ಹುಡುಕುವೆನೆಂಬ ಹಟ ಪಗಡೆಯ ಹಾಸಿನ ಮುಂದೆ ಕುಳಿತ ಧರ್ಮರಾಯನನ್ನೇ ಬಿಡಲಿಲ್ಲ. ನಮ್ಮ ಹುಡುಗರ ಪಾಡೇನು?

ಈ ವ್ಯವಹಾರದ ಒಳಗುಟ್ಟನ್ನು ಬಿಡಿಸಿ ಹೇಳುವದು ಅವಶ್ಯ. ಶೇರು ಕೊಂಡವನು ಒಂದು ಕಾರಖಾನೆಯ ಪಾಲುದಾರನಾಗುತ್ತಾನೆ. ದರ ಇಳಿದರೂ ಪಾಲು ಕೈಯಲ್ಲಿರುತ್ತದೆ, ಕಾಯಬಹುದು. ಆಪ್ಷನ್ ಕೊಂಡವನ ಕೈಯಲ್ಲಿ ಪಾಲಿರುವದಿಲ್ಲ. ಒಂದು ಗೊತ್ತಾದ ದಿನದೊಳಗೆ, ಗೊತ್ತಾದ ದರಕ್ಕೆ ಕೊಳ್ಳುವ ಇಲ್ಲವೆ ಮಾರುವ ಹಕ್ಕು ಮಾತ್ರ ಇರುತ್ತದೆ. ಆರು ಸಾವಿರ ರೂಪಾಯಿ ಕೊಟ್ಟು ಅಂಥ ಹಕ್ಕನ್ನು ಕೊಂಡ ಒಬ್ಬ ಗುಮಾಸ್ತನನ್ನು ಊಹಿಸಿರಿ. ಅವನು ಹದಿನೈದು ಲಕ್ಷ ರೂಪಾಯಿಯ ಶೇರುಗಳ ಏರಿಳಿತದ ಮೇಲೆ ಕೈ ಇಟ್ಟಂತಾಗುತ್ತದೆ. ಸೂಚ್ಯಂಕವು ಅವನೆಣಿಸಿದ ದಿಕ್ಕಿಗೆ ಬೇಗನೆ ಹೋದರೆ ಆರು ಹನ್ನೆರಡಾಗುವದುಂಟು. ಹೋಗದಿದ್ದರೆ, ಅಥವಾ ಹೋಗಲು ತಡಮಾಡಿದರೆ, ವಾಯಿದೆಯ ದಿನದ ಸಂಜೆಗೆ ಆರು ಸೊನ್ನೆಯಾಗುತ್ತದೆ. ಅವನ ಎಣಿಕೆ ಸರಿಯಾಗಿದ್ದೂ ಎರಡು ದಿನ ತಡವಾದುದರಿಂದಲೇ ಹಣ ಹೋಗಬಹುದು. ಇನ್ನು ಆಪ್ಷನ್ ಮಾರಿದವನ ನಷ್ಟಕ್ಕಂತೂ ಎಣೆಯೇ ಇಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬದು ನಮ್ಮ ಹಿರಿಯರ ಮಾತು; ಮೊಳದುದ್ದದ ಹಾಸಿಗೆಯ ಮೇಲೆ ಮಾರುದ್ದ ಕಾಲು ಚಾಚಿಸುವದೇ ಈ ವ್ಯಾಪಾರದ ಆಕರ್ಷಣೆ.

ಇದರ ಮತ್ತೊಂದು ರೂಪ ಪರದೇಶಗಳಲ್ಲಿ ಹಬ್ಬಿದೆ. ಸೂಚ್ಯಂಕದ ದಿನದ ಏರಿಳಿತವನ್ನು ಇಮ್ಮಡಿ-ಮುಮ್ಮಡಿ ಮಾಡಿ ಕೊಡುವ ಫಂಡುಗಳೂ, ಪೇಟೆ ಇಳಿದರೆ ತಾವು ಏರುವ ವಿಲೋಮ ಫಂಡುಗಳೂ ಅಮೇರಿಕೆಯಲ್ಲಿ 2006ರಿಂದ ಶೇರುಗಳಂತೆಯೇ ಬಿಕರಿಯಾಗುತ್ತಿವೆ. ಇವುಗಳ ಗಣಿತವನ್ನು ನಮ್ಮ ಶಾಲೆಯ ಹುಡುಗನೂ ಮಾಡಿ ನೋಡಬಹುದು. ಸೂಚ್ಯಂಕ 100 ಇದ್ದುದು ಇಂದು 90ಕ್ಕೆ ಇಳಿದು ನಾಳೆ ಮರಳಿ 100ಕ್ಕೆ ಬಂದಿತೆನ್ನಿರಿ. ಸಾದಾ ಹಣ ಹೂಡಿದವನಿಗೆ ಲಾಭವೂ ಇಲ್ಲ, ಹಾನಿಯೂ ಇಲ್ಲ. ಇಮ್ಮಡಿಯ ಫಂಡಿನಲ್ಲಿ ಇಟ್ಟವನ 100 ರೂಪಾಯಿ ಇಂದು 80 ಆಗಿ, ನಾಳೆ 97 ರೂಪಾಯಿ 78 ಪೈಸೆಯಾಗುತ್ತದೆ. ಇಳಿಯುವದೆಂದು ವಿಲೋಮ ಫಂಡು ಕೊಂಡವನ 100 ರೂಪಾಯಿ ಇಂದು 110 ಆಗಿ, ನಾಳೆ ಅದೂ 97 ರೂಪಾಯಿ 78 ಪೈಸೆಯೇ ಆಗುತ್ತದೆ. ಪೇಟೆ ತನ್ನ ಸ್ಥಾನಕ್ಕೆ ಮರಳಿತು. ಏರುವದೆಂದವನೂ ಸೋತನು, ಇಳಿಯುವದೆಂದವನೂ ಸೋತನು! ದಿನದಿನವೂ ಲೆಕ್ಕ ಹೊಸದಾಗಿ ಕಟ್ಟುವದರಿಂದ ಹೀಗಾಗುವದು. ಪೇಟೆ ಹೊಯ್ದಾಡಿದಷ್ಟೂ ಈ ಸವಕಳಿ ಹೆಚ್ಚು. 2018ರ ಫೆಬ್ರುವರಿಯಲ್ಲಿ ಅಮೇರಿಕೆಯ ಪೇಟೆ ಒಮ್ಮೆಲೆ ಕುಸಿದಾಗ, ಪೇಟೆಯು ಶಾಂತವಾಗಿಯೇ ಇರುವದೆಂದು ಪಣ ಕಟ್ಟಿದ್ದ ಇಂಥದೇ ಒಂದು ವಿಲೋಮ ಪತ್ರವು ಒಂದೇ ದಿನದ ಏರಿಳಿತದಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಬೆಲೆ ಕಳೆದುಕೊಂಡು ಕಣ್ಮುಚ್ಚಿತು. ದಕ್ಷಿಣ ಕೊರಿಯಾ ದೇಶವು ಇಂಥ ಫಂಡುಗಳನ್ನು ಕೊಳ್ಳಬಯಸುವ ಸಾಮಾನ್ಯ ಜನರು ಮೊದಲು ಪಾಠ ಕೇಳಬೇಕು, ಒಂದು ಕೋಟಿ ವಾನ್ ಠೇವಣಿ ಇಡಬೇಕು ಎಂದು ನಿಯಮ ಮಾಡಿತು. ನಮ್ಮಲ್ಲಿ ಮ್ಯೂಚುವಲ್ ಫಂಡುಗಳು ಇಂಥ ಸರಕನ್ನು ಸಾಮಾನ್ಯರಿಗೆ ಮಾರಲು ಸೆಬಿ ಎಡೆಗೊಟ್ಟಿಲ್ಲ. 2025ರ ಏಪ್ರಿಲ್ 1ರಿಂದ ತೆರೆದ ವಿಶೇಷ ಹೂಡಿಕೆಯ ಫಂಡುಗಳಲ್ಲಿ ಕೂಡ ಹತ್ತು ಲಕ್ಷ ರೂಪಾಯಿಯ ಕನಿಷ್ಠ ಮಿತಿಯಿದೆ. ರಕ್ಷಣೆಯಿಲ್ಲದ ಇಳಿಕೆಯ ಪಣವು ನೂರಕ್ಕೆ 25ನ್ನು ಮೀರಕೂಡದೆಂಬ ಕಟ್ಟಳೆಯೂ ಇದೆ. ಇದು ವಿವೇಕದ ಕೆಲಸ. ಆದರೆ ಫಂಡಿನ ಬಾಗಿಲಿಗೆ ಹತ್ತು ಲಕ್ಷದ ಅಗಳಿ ಹಾಕಿ, ಅದಕ್ಕಿಂತಲೂ ಹರಿತವಾದ ಆಪ್ಷನ್ನಿನ ಬಾಗಿಲನ್ನು ಆರು ಸಾವಿರಕ್ಕೆ ತೆರೆದಿಡುವದು ಯಾವ ನ್ಯಾಯ?

ಇತಿಹಾಸವನ್ನು ಮರೆಯುವ ಜನಾಂಗವು ಅದರ ದಂಡವನ್ನು ಎರಡು ಸಲ ತೆರುತ್ತದೆ. ನಮ್ಮ ಸೀಮೆಗೂ ಮುಂಬಯಿಯ ವಾಯಿದೆಗೂ ಇರುವ ನಂಟು ಇಂದಿನದಲ್ಲ. 1861ರಲ್ಲಿ ಅಮೇರಿಕೆಯಲ್ಲಿ ಅಂತರ್ಯುದ್ಧ ಹೊತ್ತಿ, ಲ್ಯಾಂಕಶಾಯರದ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತುಹೋದಾಗ, ಹಿಂದುಸ್ತಾನದ ಹತ್ತಿಗೆ ಬಂಗಾರದ ಬೆಲೆ ಬಂದಿತು. ಧಾರವಾಡ-ಬೆಳಗಾವಿ ಜಿಲ್ಲೆಗಳ ಎರೆಯ ಹತ್ತಿ ಕುಮಟೆಯ ಬಂದರದಿಂದ ಮುಂಬಯಿಗೆ ಹೋಗುತ್ತಿದ್ದುದರಿಂದಲೇ ಅದಕ್ಕೆ ಕುಮಟಾ ಹತ್ತಿಯೆಂಬ ಹೆಸರು. ಹತ್ತಿಯಿಂದ ಬಂದ ಹಣ ಮುಂಬಯಿಯಲ್ಲಿ ಹತ್ತಿಯೊಳಗೆ ನಿಲ್ಲಲಿಲ್ಲ. ಪ್ರೇಮಚಂದ ರಾಯಚಂದರಂಥ ಧುರಂಧರರ ಬೆನ್ನು ಹತ್ತಿ ಊರಿಗೆ ಊರೇ ಶೇರುಗಳ ವಾಯಿದೆಗೆ ಬಿದ್ದಿತು. ಸಮುದ್ರವನ್ನು ತುಂಬಿ ನೆಲ ಮಾಡುವೆವೆಂದ ಕಂಪನಿಗಳ ಶೇರುಗಳು ಮುಗಿಲಿಗೆ ಏರಿದವು. 1865ರ ವಸಂತದಲ್ಲಿ ಯುದ್ಧ ನಿಂತಿತು, ಹತ್ತಿಯ ದರ ಬಿದ್ದಿತು. ಜುಲೈ 1ನೆಯ ತಾರೀಖು ವಾಯಿದೆಗಳು ಪಕ್ವವಾದ ದಿನ ಕೊಡುವವನೂ ಇಲ್ಲ, ಕೊಳ್ಳುವವನೂ ಇಲ್ಲ. ಮುಂಬಯಿ ಬ್ಯಾಂಕಿನ ಶೇರು 2,850 ರೂಪಾಯಿಗೆ ಮುಟ್ಟಿದ್ದು 87ಕ್ಕೆ ಇಳಿಯಿತು. ಬ್ಯಾಂಕು ಕೊನೆಗೆ ಮುಳುಗಿಯೇ ಹೋಯಿತು. ನಮ್ಮ ಎರೆಹೊಲದ ಬೆವರು ಮುಂಬಯಿಯ ವಾಯಿದೆಯಲ್ಲಿ ಆವಿಯಾಗಿ ಹೋದುದು ಅದೇ ಮೊದಲು. ಅಂದು ತಂತಿಯ ತುದಿಯಲ್ಲಿ ಕೆಲವರಷ್ಟೆ ಇದ್ದರು. ಇಂದು ತಂತಿಯಿಲ್ಲದ ಮೊಬೈಲಿನ ತುದಿಯಲ್ಲಿ ಕೋಟಿ ಜನರಿದ್ದಾರೆ.

ಅಂದಿನ ಸರಕಾರ ಪರಕೀಯವಾಗಿದ್ದರೂ ಈ ಪಾಠವನ್ನು ಸ್ವಲ್ಪ ಕಲಿಯಿತು. 1865ರಲ್ಲಿಯೇ ಮುಂಬಯಿಯಲ್ಲಿ ಪಣದ ಕರಾರುಗಳ ವಿರುದ್ಧ ಕಾಯಿದೆಯಾಯಿತು. 1872ರ ಕರಾರು ಕಾಯಿದೆಯ 30ನೆಯ ಕಲಮು ಪಣದ ಕರಾರು ನಿರರ್ಥಕವೆಂದು ಸಾರಿತು. 1939ರಲ್ಲಿ ಮುಂಬಯಿ ಇಲಾಖೆಯಲ್ಲಿ ಹತ್ತಿಯ ತೇಜಿ-ಮಂದಿಯನ್ನೇ ನಿಷೇಧಿಸಲಾಯಿತು. ಸ್ವಾತಂತ್ರ್ಯ ಬಂದ ಮೇಲೆ 1952ರ ವಾಯಿದೆ ಕರಾರುಗಳ ಕಾಯಿದೆಯು ಸರಕುಗಳ ಆಪ್ಷನ್ನನ್ನು ಇಡೀ ದೇಶದಲ್ಲಿ ತಡೆಯಿತು. ನಮ್ಮ ಕಡೆಗೆ ಮನೆ ಮುರಿಯುವ ಓಸಿಯ ಆಟಕ್ಕೂ ಹತ್ತಿಯೇ ಮೂಲವೆಂಬದು ಬಹು ಜನರಿಗೆ ತಿಳಿಯದು. ನ್ಯೂಯಾರ್ಕ ಹತ್ತಿ ಪೇಟೆಯ ಬೆಳಗಿನ ದರ, ಸಂಜೆಯ ದರಗಳ ಮೇಲೆ ಮುಂಬಯಿಯಲ್ಲಿ ಕಟ್ಟುತ್ತಿದ್ದ ಪಣವೇ ಬೆಳೆದು ಮಟಕಾ ಆಯಿತು. ಓಸಿಯ ಚೀಟಿ ಬರೆಯುವವನನ್ನು ಕರ್ನಾಟಕ ಪೋಲೀಸು ಕಾಯಿದೆಯ ಮೇರೆಗೆ ಹಿಡಿದು ಕೋರ್ಟಿಗೆ ಒಯ್ಯುತ್ತಾರೆ. ಹತ್ತು ರೂಪಾಯಿಯ ಚೀಟಿ ಅಪರಾಧ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರಕಾರವು 2025ರ ಆಗಸ್ಟದಲ್ಲಿ ಕಾಯಿದೆಯಿಂದಲೇ ನಿಷೇಧಿಸಿತು. ಆದರೆ ಶೇರು ಪೇಟೆಯ ವಾಯಿದೆ, ಆಪ್ಷನ್ನುಗಳಿಗೆ ಮಾತ್ರ 2000ನೆಯ ಇಸವಿಯಿಂದ ಬೇರೆ ನ್ಯಾಯ. ಶೇರು ಕರಾರುಗಳ ಕಾಯಿದೆಗೆ 18-ಎ ಎಂಬ ಕಲಮನ್ನು ಸೇರಿಸಿ, ಮಾನ್ಯ ಪೇಟೆಯಲ್ಲಿ ನಡೆದ ಇಂಥ ಕರಾರು ಊರ್ಜಿತವೆಂದು ಸರಕಾರವೇ ಘೋಷಿಸಿದೆ. ಪಣವೆಂಬ ಕಳಂಕವನ್ನು ತೊಳೆದುಕೊಟ್ಟವರು ಯಾರು? ಶಾಸನಸಭೆಯೇ. ಬಾಗಿಲನ್ನು ತೆರೆದವನ ಮೇಲೆಯೇ ಕಾವಲಿನ ಹೊಣೆಯೂ ಇದೆ. ಆದುದರಿಂದ ಸರಕಾರವು ಇಲ್ಲಿ ಕೈ ಹಾಕುವದು ಅಧಿಕಪ್ರಸಂಗವೆಂಬ ವಾದ ನಿಲ್ಲುವದಿಲ್ಲ.

ನಮ್ಮ ಮಾತಿನಿಂದ ವಾಯಿದೆಯೆಲ್ಲವೂ ಜೂಜೆಂದು ಯಾರೂ ತಿಳಿಯಬಾರದು. ಬಿತ್ತುವಾಗ ಒಂದು ದರ, ಬಿಡಿಸುವಾಗ ಇನ್ನೊಂದು ದರ ಇರುವ ಲೋಕದಲ್ಲಿ ಮುಂದಿನ ದರವನ್ನು ಇಂದೇ ಗೊತ್ತುಮಾಡಿಕೊಳ್ಳುವ ಉಪಾಯವು ರೈತನಿಗೂ ಜಿನ್ನಿನ ಮಾಲಕನಿಗೂ ನಿಜವಾದ ಉಪಕಾರ. 2025ರ ಆಗಸ್ಟದಲ್ಲಿ ಕೇಂದ್ರ ಸರಕಾರವು ಪರದೇಶದ ಹತ್ತಿಯ ಮೇಲಿನ ನೂರಕ್ಕೆ 11ರ ಆಮದು ಸುಂಕವನ್ನು ತೆಗೆದು, ಆ ರಿಯಾಯತಿಯನ್ನು ವರುಷದ ಕೊನೆಯ ತನಕ ಬೆಳೆಸಿತು. ನಮ್ಮ ಸೀಮೆಯ ಹತ್ತಿ ಆಗ ಇನ್ನೂ ಹೊಲದಲ್ಲಿತ್ತು. ಅಂಥ ಹೊತ್ತಿನಲ್ಲಿ ದರ ಬೀಳುವ ಭಯ ಯಾರಿಗೆ ನಿಜವಾಗಿ ಇತ್ತೋ ಅವನೇ ವಾಯಿದೆಯ ಯೋಗ್ಯ ಗಿರಾಕಿ. ವಿಪರ್ಯಾಸವನ್ನು ನೋಡಿರಿ! ಸವದತ್ತಿಯ ಎರೆಯಲ್ಲಿ ಬೆಳೆಯುವ ಕಡಲೆ, ಬೈಲಹೊಂಗಲ-ಕಿತ್ತೂರಿನ ಕಡೆ ಬೆಳೆಯುವ ಸೋಯಾ ಇವೂ ಸೇರಿ ಏಳು ಸರಕುಗಳ ವಾಯಿದೆಯನ್ನು ಬೆಲೆಯೇರಿಕೆಯ ಭಯದಿಂದ ಸೆಬಿಯು 2021ರ ಡಿಸೆಂಬರದಲ್ಲಿ ತಡೆಹಿಡಿಯಿತು. ಆ ತಡೆಯನ್ನು ಮೇಲಿಂದ ಮೇಲೆ ಬೆಳೆಸುತ್ತ 2026ರ ಮಾರ್ಚದ ವರೆಗೆ ಒಯ್ದಿತು. ಆ ತಡೆಯ ಕಾಲದಲ್ಲಿ ಕಡಲೆ ಬೆಳೆದವನು ಕಡಲೆಯ ವಾಯಿದೆ ಮಾಡುವಂತಿರಲಿಲ್ಲ. ಏನೂ ಬೆಳೆಯದವನು ಸೂಚ್ಯಂಕದ ವಾಯಿದೆಯನ್ನು ವಾರವಾರವೂ ಮಾಡಬಹುದು! ಅಪಾಯವನ್ನು ಇಳಿಸಿಕೊಳ್ಳುವವನಿಗೆ ನಿಷೇಧ, ಅಪಾಯವನ್ನು ಹೊಸದಾಗಿ ಹುಟ್ಟಿಸಿಕೊಳ್ಳುವವನಿಗೆ ಆಮಂತ್ರಣ. ನಾವು ಕೇಳುವ ಸುಧಾರಣೆಯ ತಿರುಳೆಂದರೆ ಈ ತಲೆಕೆಳಗಾದ ನೀತಿಯನ್ನು ನೆಟ್ಟಗೆ ಮಾಡುವದು.

ಸೋತವರ ಹಣ ಎಲ್ಲಿ ಹೋಯಿತೆಂಬದನ್ನೂ ಕೇಳಬೇಕು. ಈ ಪೇಟೆಯಲ್ಲಿ ಸಂಪತ್ತು ಉತ್ಪತ್ತಿಯಾಗುವದಿಲ್ಲ. ಒಬ್ಬನ ಕಿಸೆಯಿಂದ ಇನ್ನೊಬ್ಬನ ಕಿಸೆಗೆ ಹೋಗುವದಷ್ಟೆ. 2023-24ರಲ್ಲಿ ಸಾಮಾನ್ಯ ಜನರು ಖರ್ಚು ಹಿಡಿಯದೆ 61,000 ಕೋಟಿ ಕಳೆದುಕೊಂಡಾಗ, ಸ್ವಂತ ಖಾತೆಯಲ್ಲಿ ಆಡುವ ದೊಡ್ಡ ದಲಾಲಿ ಸಂಸ್ಥೆಗಳು 33,000 ಕೋಟಿಯನ್ನೂ ಪರದೇಶದ ಬಂಡವಾಳದವರು 28,000 ಕೋಟಿಯನ್ನೂ ಗಳಿಸಿದರು. ಆ ಗಳಿಕೆಯ ನೂರಕ್ಕೆ 96-97 ಪಾಲು ಕ್ಷಣಾರ್ಧದಲ್ಲಿ ತಾವೇ ಕೊಂಡು ಮಾರುವ ಗಣಕಯಂತ್ರಗಳಿಂದ ಬಂದುದು. ಒಂದು ಕಡೆಗೆ ಯಂತ್ರ, ಗಣಿತಜ್ಞರ ಪಡೆ, ಕೋಟಿಗಟ್ಟಲೆ ಬಂಡವಾಳ. ಇನ್ನೊಂದು ಕಡೆಗೆ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಮೊಬೈಲು ತೆರೆಯುವ ನಮ್ಮ ಮಾಸ್ತರ. ಇದನ್ನು ಪೈಪೋಟಿಯೆನ್ನುವದು ಶಬ್ದಕ್ಕೆ ಅಪಚಾರ. 2025ರ ಜುಲೈಯಲ್ಲಿ ಸೆಬಿಯು ಜೇನ್ ಸ್ಟ್ರೀಟ್ ಎಂಬ ಅಮೇರಿಕೆಯ ಸಂಸ್ಥೆಯ ಮೇಲೆ ಸೂಚ್ಯಂಕವನ್ನು ಅಕ್ರಮವಾಗಿ ಏರಿಳಿಸಿದ ಆಪಾದನೆ ಹೊರಿಸಿ, 4,843 ಕೋಟಿ ರೂಪಾಯಿಗಳನ್ನು ತಡೆಹಿಡಿಯುವ ಮಧ್ಯಂತರ ಆಜ್ಞೆ ಹೊರಡಿಸಿತು. ಸಂಸ್ಥೆಯು ಆಪಾದನೆಯನ್ನು ಅಲ್ಲಗಳೆದು ಮೇಲಿನ ನ್ಯಾಯಮಂಡಳಿಗೆ ಹೋಯಿತು. ಅಪರಾಧದ ನಿರ್ಣಯ ನಮ್ಮ ಕೆಲಸವಲ್ಲ. ಆದರೆ ಅಕ್ರಮವಿಲ್ಲದೆ ಆಟ ನೆಟ್ಟಗೆ ನಡೆದರೂ ಸಣ್ಣವನು ಸೋಲುವನೆಂಬದನ್ನು ಅಂಕಿಗಳೇ ಹೇಳುತ್ತಿವೆ. ಪರದೇಶದವರನ್ನಷ್ಟೇ ಬೈದು ಸುಮ್ಮನಾಗುವದೂ ಸಲ್ಲದು. ಹೆಚ್ಚಿನ ಪಾಲು ನುಂಗಿದವರು ಸ್ವದೇಶೀಯರೇ. ಇದರ ಮೇಲೆ ದಲಾಲಿ, ಪೇಟೆಯ ಶುಲ್ಕ, ಸರಕಾರದ ತೆರಿಗೆ. ಮೂರು ವರುಷಗಳಲ್ಲಿ ಸಾಮಾನ್ಯ ಜನರು ಈ ಖರ್ಚಿಗೇ ಸುಮಾರು 50,000 ಕೋಟಿ ಕೊಟ್ಟರು. ಗೆದ್ದರೂ ಸೋತರೂ ತಪ್ಪದೆ ಪಾಲು ಪಡೆಯುವವರಲ್ಲಿ ಸರಕಾರವೂ ಒಂದು. ಇದನ್ನು ಅಧಿಕಾರಿವರ್ಗವು ತುಸು ಲಜ್ಜೆಯಿಂದ ನೆನೆಯಬೇಕು.

ಸೆಬಿಯು ಕೈಕಟ್ಟಿ ಕುಳಿತಿಲ್ಲವೆಂಬದನ್ನು ಒಪ್ಪಲೇಬೇಕು. 2023ರ ಜುಲೈಯಿಂದ, ಹತ್ತರಲ್ಲಿ ಒಂಬತ್ತು ಜನ ಸೋಲುತ್ತಾರೆಂಬ ಎಚ್ಚರಿಕೆಯನ್ನು ದಲಾಲರು ಗಿರಾಕಿಯ ಕಣ್ಣ ಮುಂದೆ ಇಡಬೇಕಾಯಿತು. 2024ರ ಅಕ್ಟೋಬರ 1ರ ಸುತ್ತೋಲೆಯು ಕರಾರಿನ ಕನಿಷ್ಠ ಗಾತ್ರವನ್ನು ಐದು-ಹತ್ತು ಲಕ್ಷದಿಂದ ಹದಿನೈದು ಲಕ್ಷಕ್ಕೆ ಏರಿಸಿತು. ವಾರದ ವಾಯಿದೆಯನ್ನು ಒಂದೊಂದು ಪೇಟೆಗೆ ಒಂದೇ ಸೂಚ್ಯಂಕಕ್ಕೆ ಇಳಿಸಿತು. ಆಪ್ಷನ್ನಿನ ಹಣವನ್ನು ಮುಂಗಡವಾಗಿ ವಸೂಲು ಮಾಡಲು ಹೇಳಿತು. ವಾಯಿದೆಯ ದಿನ ಮಾರುವವರಿಂದ ಹೆಚ್ಚಿನ ಠೇವಣಿ ಕೇಳಿತು. ಪರಿಣಾಮ ಇಲ್ಲದಿಲ್ಲ, 2024ರ ಡಿಸೆಂಬರದಿಂದ 2025ರ ಮೇ ವರೆಗೆ ಈ ವ್ಯವಹಾರ ಮಾಡಿದ ಸಾಮಾನ್ಯರ ಸಂಖ್ಯೆ ಹಿಂದಿನ ವರುಷಕ್ಕಿಂತ ನೂರಕ್ಕೆ 20ರಷ್ಟು ತಗ್ಗಿತು. ಆದರೂ ಎರಡು ವರುಷ ಹಿಂದಿನದಕ್ಕಿಂತ ಅದು ಹೆಚ್ಚಾಗಿಯೇ ಇತ್ತು. ಕರಾರಿನ ಗಾತ್ರ ಏರಿಸಿದುದು ಒಂದು ಬೇಲಿ ನಿಜ. ಆದರೆ ಬೇಲಿ ಎತ್ತರವಾದಾಗ ಬಡವನು ಹಿಂದಿರುಗಿದಂತೆಯೇ, ಸೊನ್ನೆಯ ಸಮೀಪದ ಅಗ್ಗದ ಆಪ್ಷನ್ನನ್ನು ಹುಡುಕಿ ಕೆಳಗಿನಿಂದ ನುಸುಳುವವರೂ ಇರುತ್ತಾರೆ. ಅಗ್ಗದ ಚೀಟಿಯೇ ಗೆಲ್ಲುವ ಸಂಭವ ಎಲ್ಲಕ್ಕೂ ಕಡಿಮೆಯಾದ ಚೀಟಿ.

ಇನ್ನು ಎದುರು ಪಕ್ಷದ ವಾದಗಳು. ಸ್ವತಂತ್ರ ದೇಶದ ವಯಸ್ಕ ಪ್ರಜೆಯು ತನ್ನ ಹಣವನ್ನು ತನ್ನಿಚ್ಛೆಯಂತೆ ಕಳೆದುಕೊಳ್ಳಲು ಏಕೆ ಸ್ವತಂತ್ರನಲ್ಲವೆಂದು ಕೆಲವರು ಕೇಳುತ್ತಾರೆ. ಸ್ವಾತಂತ್ರ್ಯದ ಹೆಸರನ್ನು ನಾವು ಹಗುರಾಗಿ ಎಣಿಸುವವರಲ್ಲ. ಆದರೆ ಕಳೆದುಹೋಗುವ ಹಣ ಎಷ್ಟೋ ಸಲ ಅವನೊಬ್ಬನದಲ್ಲ. ಅದು ಹೆಂಡತಿಯ ಬಂಗಾರ, ತಂಗಿಯ ಮದುವೆಯ ಠೇವಣಿ, ಬೆಳೆಸಾಲ, ಪಿಗ್ಮಿಯಲ್ಲಿ ಕೂಡಿಟ್ಟ ದಿನದಿನದ ಹತ್ತು ರೂಪಾಯಿ. ಸೋಲನ್ನು ಹೇಳಿಕೊಳ್ಳಲು ನಾಚಿ ಸಾಲಕ್ಕೆ ಬೀಳುವವನ ಮನೆಯವರು ಯಾವ ಕರಾರಿಗೂ ರುಜು ಹಾಕಿರುವದಿಲ್ಲ. ಔಷಧದ ಅಂಗಡಿಯಲ್ಲಿ ಕೆಲವು ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಕೊಡುವದಿಲ್ಲ. ಅದರಿಂದ ಯಾರ ಸ್ವಾತಂತ್ರ್ಯವೂ ಹೋಗಿಲ್ಲ. ಎರಡನೆಯ ವಾದ, ಬಾಗಿಲು ಮುಚ್ಚಿದರೆ ಜನರು ಕಳ್ಳ ಬಾಗಿಲಿನಿಂದ ಡಬ್ಬಾ ವ್ಯಾಪಾರಕ್ಕೆ ಹೋಗುವರೆಂಬದು. ಇದರಲ್ಲಿ ಸತ್ಯಾಂಶವಿದೆ, ಪೇಟೆಯಲ್ಲಿ ದಾಖಲಾಗದ ಆ ಕಳ್ಳ ವಾಯಿದೆಯಲ್ಲಿ ಗೆದ್ದವನಿಗೂ ಹಣ ದೊರೆಯುವ ಭರವಸೆಯಿಲ್ಲ. ಆ ಕಾರಣದಿಂದಲೇ ನಾವು ಪೂರ್ಣ ನಿಷೇಧವನ್ನು ಕೇಳುತ್ತಿಲ್ಲ. ಯೋಗ್ಯತೆಗೆ ತಕ್ಕ ಮಿತಿಯನ್ನು ಕೇಳುತ್ತೇವೆ. ಕಳ್ಳಭಟ್ಟಿ ಇದೆಯೆಂದು ಶಾಲೆಯ ಬಾಗಿಲಲ್ಲಿ ಸರಕಾರಿ ಅಂಗಡಿ ತೆರೆಯಬೇಕೆಂದು ಯಾರೂ ವಾದಿಸುವದಿಲ್ಲ. ಮೂರನೆಯದು, ಸಣ್ಣವರು ಬಿಟ್ಟರೆ ಪೇಟೆಯ ಓಟವೇ ನಿಲ್ಲುವದೆಂಬ ಪೇಟೆಯವರ ಅಳಲು. ನೂರಕ್ಕೆ ತೊಂಬತ್ತು ಜನರ ನಷ್ಟದಿಂದಲೇ ಒಂದು ಪೇಟೆ ನಡೆಯಬೇಕಾದರೆ ಅದು ಎಷ್ಟು ಓಡಬೇಕೆಂಬದನ್ನು ಮರಳಿ ವಿಚಾರಿಸುವದೇ ಒಳಿತು.

ಹಾಗಾದರೆ ಆಗಬೇಕಾದುದೇನು? ಒಂದನೆಯದಾಗಿ, ಆಪ್ಷನ್ ಖಾತೆ ತೆರೆಯುವ ಮೊದಲು ಗಿರಾಕಿಯ ವರಮಾನವನ್ನೂ ಉಳಿತಾಯವನ್ನೂ ದಾಖಲೆಯಿಂದ ನೋಡಬೇಕು. ಅವನು ಈ ವ್ಯವಹಾರದಲ್ಲಿ ಇಡಬಹುದಾದ ಹಣ ಆ ಉಳಿತಾಯದ ಒಂದು ಸಣ್ಣ ಪಾಲನ್ನು ಮೀರದಂತೆ ವಾರ್ಷಿಕ ಮಿತಿ ಬೇಕು. ಮಿತಿ ಮುಟ್ಟಿದ ದಿನ ಬಾಗಿಲು ತಾನಾಗಿ ಮುಚ್ಚಬೇಕು. ಎರಡನೆಯದಾಗಿ, ಅವನಿಗೆ ವಿಷಯ ತಿಳಿದಿದೆಯೋ ಎಂಬ ಪರೀಕ್ಷೆ ಆಗಬೇಕು. ಆ ಪರೀಕ್ಷೆಯೂ ಎಚ್ಚರಿಕೆಯ ಮಾತೂ ಅವನ ತಾಯ್ನುಡಿಯಲ್ಲಿ ಇರಬೇಕು. ಕನ್ನಡದಲ್ಲಿ ಕರೆದು ಗಿರಾಕಿ ಮಾಡಿಕೊಳ್ಳುವವರು ಇಂಗ್ಲಿಷಿನಲ್ಲಿ ಎಚ್ಚರಿಸುವದು ಎಚ್ಚರಿಸದಿರುವದಕ್ಕೆ ಸಮಾನ. ಮೂರನೆಯದಾಗಿ, ಅವನವನ ನಷ್ಟವನ್ನೇ, ಖರ್ಚು ಸಹಿತವಾಗಿ, ತಿಂಗಳಿಗೊಮ್ಮೆ ದಪ್ಪ ಅಕ್ಷರಗಳಲ್ಲಿ ಅವನಿಗೆ ಕಳಿಸಬೇಕು. ಹತ್ತು ಜನರ ಮಾತು ಕೇಳದವನು ತನ್ನ ಲೆಕ್ಕವನ್ನಾದರೂ ಕೇಳಿಯಾನು. ನಾಲ್ಕನೆಯದಾಗಿ, ವಾರದ ವಾಯಿದೆ ನಿಲ್ಲಬೇಕು. ತನ್ನ ಬಂಡವಾಳಕ್ಕೆ ರಕ್ಷಣೆ ಬೇಕಾದವನಿಗೆ ತಿಂಗಳಿನ ವಾಯಿದೆ ಸಾಕು, ವಾರದ ವಾಯಿದೆ ಬೇಕಾಗುವದು ಆಟಕ್ಕೆ. ಐದನೆಯದಾಗಿ, ಶಿಕ್ಷಣದ ಸೋಗಿನಲ್ಲಿ ಹುಡುಗರನ್ನು ಕರೆಯುವ ಗುರುಗಳ ಮೇಲೆ ಕಣ್ಣಿಡಬೇಕು. ಪಾಠ ಹೇಳುವವರು ಮೂರು ತಿಂಗಳ ಹಿಂದಿನ ದರಗಳನ್ನಷ್ಟೆ ಬಳಸಬೇಕೆಂದು ಸೆಬಿಯು 2025ರ ಜನವರಿಯಲ್ಲಿ ಮಾಡಿದ ನಿಯಮ ಒಳ್ಳೆಯದು. ಅದು ಕಾಗದದ ಮೇಲೆ ಉಳಿಯದೆ ಊರೂರಿಗೆ ಮುಟ್ಟಬೇಕು. ಕೊನೆಯದಾಗಿ, ಬೆಳೆಗಾರರ ವಾಯಿದೆಯನ್ನು ರೈತೋತ್ಪಾದಕ ಸಂಘಗಳ ಮತ್ತು ಸಹಕಾರಿ ಸಂಘಗಳ ಮುಖಾಂತರ ಬೆಳೆಸುವ ದಾರಿ ತೆರೆಯಬೇಕು.

ಕಾಯಿದೆಯಿಂದಲೇ ಎಲ್ಲವೂ ಆಗದು. ಈ ನಾಲ್ಕು ತಾಲೂಕುಗಳ ಅಧಿಕಾರಿಗಳಿಗೂ ಪ್ರಮುಖರಿಗೂ ನಮ್ಮ ವಿನಂತಿಯಿದೆ. ಬ್ಯಾಂಕಿನ ಮ್ಯಾನೇಜರರು ವೈಯಕ್ತಿಕ ಸಾಲ ಕೊಡುವಾಗ, ಬಂಗಾರ ಒತ್ತೆ ಇಟ್ಟುಕೊಳ್ಳುವಾಗ, ಹಣ ಯಾತಕ್ಕೆಂದು ಕೇಳಲು ಸಂಕೋಚಪಡಬಾರದು. ಕಚೇರಿಯ ಮೇಲಧಿಕಾರಿಗಳು ಕೈಕೆಳಗಿನ ತರುಣನ ಮುಖ ಬಾಡಿದುದನ್ನು ಕಂಡರೆ ಗದರಿಸದೆ ಹತ್ತಿರ ಕರೆದು ಕೇಳಬೇಕು. ಕಾಲೇಜಿನ ಅಧ್ಯಾಪಕರು ನಾವು ಮೇಲೆ ಬರೆದ 97 ರೂಪಾಯಿ 78 ಪೈಸೆಯ ಲೆಕ್ಕವನ್ನು ಒಂದು ತಾಸು ಕರಿಹಲಗೆಯ ಮೇಲೆ ಮಾಡಿ ತೋರಿಸಲಿ. ಗದಗು ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ರೈತರು ಚಿಲ್ಲರೆ ಹಣ ಕೂಡಿಸಿ ಸಹಕಾರಿ ಸಂಘ ಕಟ್ಟಿದಾಗ, ಬಡವನ ಗಂಟು ಸಾಹುಕಾರನ ಕೈಯಿಂದ ಬಿಡುಗಡೆ ಹೊಂದಬೇಕೆಂಬದೇ ಅವರ ಉದ್ದೇಶವಾಗಿತ್ತು. ಆ ಗಂಟನ್ನು ಇಂದು ಯಂತ್ರದ ಬಾಯಿಗೆ ಹಾಕುವದು ಆ ಹಿರಿಯರಿಗೆ ಬಗೆದ ದ್ರೋಹ.

1824ರಲ್ಲಿ ಥ್ಯಾಕರೆಯು ಕಿತ್ತೂರಿನ ಖಜಾನೆಗೆ ಮುದ್ರೆ ಹಾಕಿ ಪಹರೆ ಕೂಡ್ರಿಸಿದಾಗ ರಾಣಿ ಚೆನ್ನಮ್ಮನು ಕತ್ತಿ ಹಿರಿದಳು. ಸೆರೆಯಲ್ಲಿಯೇ ದೇಹ ಬಿಟ್ಟ ಅವಳ ಸಮಾಧಿ ಬೈಲಹೊಂಗಲದಲ್ಲಿದೆ. ಅಂದು ಖಜಾನೆಯ ಕಡೆಗೆ ಕೈಚಾಚಿದವರು ತೋಪುಗಳನ್ನು ತರಬೇಕಾಯಿತು. ಇಂದು ಅದೇ ಊರಿನ ಹುಡುಗನು ತನ್ನ ಮನೆಯ ಖಜಾನೆಯ ಕೀಲಿಯನ್ನು ತಾನಾಗಿಯೇ, ಬೆರಳ ತುದಿಯಿಂದ, ಹೆಸರರಿಯದವರ ಕೈಗೆ ಕೊಡುತ್ತಿದ್ದಾನೆ. ಅವನನ್ನು ತಡೆದು ನಿಲ್ಲಿಸಿ ಒಂದು ಮಾತು ಕೇಳುವ ಕಾವಲುಗಾರನು ಬಾಗಿಲಲ್ಲಿ ಇರಲೇಬೇಕು. ಆ ಕಾವಲಿನ ಕೆಲಸಕ್ಕಾಗಿಯೇ ಸಂಸತ್ತು 1992ರಲ್ಲಿ ಸೆಬಿಗೆ ಕಾಯಿದೆಯ ಬಲ ಕೊಟ್ಟಿತು. ಹೂಡಿಕೆದಾರರ ಹಿತರಕ್ಷಣೆಯೇ ಅದರ ಮೊದಲ ಕರ್ತವ್ಯವೆಂದು ಆ ಕಾಯಿದೆಯಲ್ಲಿ ಬರೆದಿದೆ. ಬರೆದುದನ್ನು ನಡೆಸಿ ತೋರಿಸಲಿ ಎಂದಷ್ಟೆ ನಮ್ಮ ಆಗ್ರಹ.